ಜಿರಾಫೆಯ ಮುಂದೆ ಕೇಳಿದ ಪ್ರಶ್ನೆ

"ಆಗ ನಿಮಗೆ ನಮ್ಮನ್ನು ಕಂಡರೆ ಹೆದರಿಕೆ ಇತ್ತೇ?"

ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ, ಭೈರಾದೇವಿ ಮಂಟಪದ ಜಗಲಿಯ ಪಕ್ಕ ನಿಂತು ಆ ಹಿರಿಯ ಮಹಿಳೆ ಸೋಮವಾರ ಹೀಗೆ ಕೇಳಿದರು. "ಇಲ್ಲ ಇಲ್ಲ, ಹಾಗೇನೂ ಇರಲಿಲ್ಲ" ಎಂದೆ. ಎರಡೆರಡು ಸಲ 'ಇಲ್ಲ' ಎಂದದ್ದು ನನ್ನ ಕಿವಿಗೇ ಚುಚ್ಚಿತು. ಅವರು ಏನೂ ಹೇಳದೆ ಮತ್ತೆ ಕಲ್ಲಿನ ಕಡೆ ತಿರುಗಿದರು. ಇಂದು ಶುಕ್ರವಾರ. ಅಡುಗೆ ಮಾಡುವಾಗಲೂ ಬಟ್ಟೆ ಒಣಹಾಕುವಾಗಲೂ ಆ ಉತ್ತರವೇ ತಲೆಯಲ್ಲಿ ಸುತ್ತುತ್ತಿದೆ.

2022ರ ನವೆಂಬರ್ 28, ಆ ಸೋಮವಾರ, ಮಂಗಳೂರಿನ ಪಣಂಬೂರು ಬಂದರಿಗೆ 'ಯುರೋಪಾ 2' ಬಂತು. ಕೊರೊನಾದ ನಂತರ ನಮ್ಮೂರಿಗೆ ಬಂದ ಮೊದಲ ವಿದೇಶಿ ಪ್ರವಾಸಿ ಹಡಗು. 271 ಪ್ರಯಾಣಿಕರು, 373 ಸಿಬ್ಬಂದಿ. ಈ ಹಡಗಿನಲ್ಲಿ ಉಣ್ಣುವವರಿಗಿಂತ ಬಡಿಸುವವರೇ ಹೆಚ್ಚು, ಅದನ್ನು ಜನ ಸಾಮಾನ್ಯವಾಗಿ ಗಮನಿಸುವುದಿಲ್ಲ; ಬಡಿಸುವವರ ಮಾತು ಆಮೇಲೆ ಬರುತ್ತದೆ. ಪ್ರಯಾಣಿಕರನ್ನು ಸ್ವಾಗತಿಸುವ ಚೆಂಡೆಯ ಸದ್ದು ಕೇಳಿದಾಗ ನನಗೆ ಗಂಟಲು ಕಟ್ಟಿತು. ಗೈಡ್ ಕೆಲಸವನ್ನೇ ನಂಬಿದವಳು ನಾನು. ಎರಡೂವರೆ ವರ್ಷ ಮಕ್ಕಳಿಗೆ ಪಾಠ ಹೇಳಿ, ಹಪ್ಪಳ ಉಪ್ಪಿನಕಾಯಿ ಮಾರಿ ದಿನ ದೂಡಿದ್ದೇನೆ. ಪೆಟ್ಟಿಗೆಯ ತಳದಲ್ಲಿದ್ದ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡಾಗ ಅದರ ದಾರ ಮುಗ್ಗಲು ವಾಸನೆ ಹೊಡೆಯುತ್ತಿತ್ತು.

ನಮ್ಮ ಬಸ್ಸು ಮೂಡುಬಿದಿರೆ, ಕಾರ್ಕಳಕ್ಕೆ ಹೋಗುವುದು. ಹತ್ತಿದವರಲ್ಲಿ ಹೆಚ್ಚಿನವರು ಅರುವತ್ತು ದಾಟಿದವರು. ಮಾಸ್ಕ್ ಹಾಕಿದ್ದವರು ಒಬ್ಬರೇ, ಈ ಮಹಿಳೆ. ವಯಸ್ಸು ಎಪ್ಪತ್ತೆಂಟು ಎಂದು ಅವರೇ ಹೇಳಿದರು. ಕಿಟಕಿ ತೆರೆಯಲು ಬರುತ್ತದೆಯೇ ಎಂದು ಕೇಳಿದರು. ಎ.ಸಿ. ಬಸ್ಸು, ಬರುವುದಿಲ್ಲ ಎಂದೆ. ಹಿಂದಿನ ಸೀಟಿನ ದಪ್ಪ ದನಿಯ ಗಂಡಸು ನಕ್ಕು, "ಅದೆಲ್ಲ ಮುಗಿಯಿತಲ್ಲ, ಇನ್ನೂ ಯಾಕೆ ಇದು?" ಎಂದು ಅವರ ಮಾಸ್ಕಿನತ್ತ ಬೆರಳು ತೋರಿಸಿದರು. ಆ ಮನುಷ್ಯ ದಿನವಿಡೀ ನನಗೆ ಹಿಡಿಸಲಿಲ್ಲ. ಆರೋಗ್ಯ ಗಟ್ಟಿಯಾಗಿರುವವರು ತಮ್ಮ ಅದೃಷ್ಟವನ್ನೇ ಧೈರ್ಯವೆಂದು ತಿಳಿಯುವುದನ್ನು ಈ ಮೂರು ವರ್ಷಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ಮಹಿಳೆ ಮಾತ್ರ ಶಾಂತವಾಗಿಯೇ ಉತ್ತರಿಸಿದರು: "ನಿಮಗೆ ಮುಗಿದಿರಬಹುದು. ನನಗೆ ಶ್ವಾಸಕೋಶದ ತೊಂದರೆಯಿದೆ."

ನಿಯಮಗಳು ಒಂದೊಂದಾಗಿ ಸಡಿಲವಾದುದನ್ನು ನಾನು ಪತ್ರಿಕೆಗಳಲ್ಲಿ ಗೆರೆ ಎಳೆದು ಓದುತ್ತಿದ್ದೆ, ಅನ್ನದ ಪ್ರಶ್ನೆಯಲ್ಲವೇ? 2022ರ ಫೆಬ್ರವರಿ 14ರಿಂದ ವಿದೇಶದಿಂದ ಬರುವವರಿಗೆ ಏಳು ದಿನಗಳ ಕಡ್ಡಾಯ ಕ್ವಾರಂಟೈನ್ ಹೋಯಿತು. ಜುಲೈಯಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಪ್ರವಾಸಿ ಹಡಗುಗಳಿಗಾಗಿ ನಡೆಸುತ್ತಿದ್ದ ಕೊರೊನಾ ಕಾರ್ಯಕ್ರಮವನ್ನು ನಿಲ್ಲಿಸಿತು. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ದೊಡ್ಡ ಕಂಪನಿಗಳು ಹಡಗು ಹತ್ತುವ ಮುನ್ನ ಮಾಡಿಸಬೇಕಾಗಿದ್ದ ಪರೀಕ್ಷೆಯನ್ನು ಬಹುಪಾಲು ಕೈಬಿಟ್ಟವು. ನಮ್ಮಲ್ಲಿ ವಿಮಾನದಲ್ಲಿ ಬರುವವರು ತುಂಬಬೇಕಾಗಿದ್ದ 'ಏರ್ ಸುವಿಧಾ' ಅರ್ಜಿಯೂ ಈ ಹಡಗು ಬರುವುದಕ್ಕೆ ಒಂದು ವಾರದ ಹಿಂದೆಯಷ್ಟೇ ರದ್ದಾಯಿತು. ಒಂದೊಂದು ಸುದ್ದಿಗೂ ನಾನು ಸಂತೋಷಪಟ್ಟಿದ್ದೇನೆ. ಅದೇ ಸುದ್ದಿಯನ್ನು ಶ್ವಾಸಕೋಶದ ತೊಂದರೆಯಿರುವ ಎಪ್ಪತ್ತೆಂಟರ ಮುದುಕಿ ಹೇಗೆ ಓದಿರಬಹುದೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕುಳಿತಿದ್ದರಿಂದ ಅವರು ಸ್ವಲ್ಪ ಬಿಡಿಸಿ ಹೇಳಿದರು. ಅಮೆರಿಕದ ಆ ಕೇಂದ್ರದ ಜಾಲತಾಣದಲ್ಲಿ ಮೊದಲು ಆ ಕಾರ್ಯಕ್ರಮಕ್ಕೆ ಸೇರಿದ ಪ್ರತಿ ಹಡಗಿಗೂ ಒಂದು ಬಣ್ಣವಿರುತ್ತಿತ್ತಂತೆ. ಯಾವ ಹಡಗಿನಲ್ಲಿ ಸೋಂಕು ಇದೆ, ಯಾವುದರಲ್ಲಿ ಇಲ್ಲ ಎಂದು ಮನೆಯಲ್ಲೇ ನೋಡಬಹುದಿತ್ತು. ಕಾರ್ಯಕ್ರಮ ನಿಂತಾಗ ಆ ಬಣ್ಣವೂ ಹೋಯಿತು. "ಬಂಧನ ಬಿಚ್ಚಿದರು, ಅದು ಸರಿಯೇ. ಆದರೆ ನನಗೆ ದಾರಿ ಕಾಣಿಸುತ್ತಿದ್ದ ದೀಪವನ್ನೂ ಆರಿಸಿದರು" ಎಂದರು. ಹಾಗಾದರೆ ಬಂದದ್ದೇಕೆ ಎಂದು ಕೇಳಿದೆ. 2020ರಲ್ಲಿ ತಂಗಿಯ ಜೊತೆ ಇದೇ ಕರಾವಳಿಗೆ ಬರಲು ಹಣ ಕಟ್ಟಿದ್ದರಂತೆ. ಪ್ರಯಾಣ ಅರ್ಧಕ್ಕೇ ನಿಂತಿತು. ತಂಗಿಗೆ ಈಗ ಮೆಟ್ಟಿಲು ಹತ್ತಲಾಗುವುದಿಲ್ಲ. "ಮೂವತ್ತು ವರ್ಷದವರಿಗೆ ಮೂರು ವರ್ಷ ಕಾಯಿರಿ ಎಂದರೆ ಕಾಯುತ್ತಾರೆ. ನಮಗೆ ಅದೇ ಮೂರು ವರ್ಷ ಬಹಳ ದೊಡ್ಡದು." ಇದಕ್ಕೆ ನನ್ನಲ್ಲಿ ಮಾತಿರಲಿಲ್ಲ.

ಬಸದಿಯಲ್ಲಿ ನಾನು ಎಲ್ಲರಿಗೂ ತಪ್ಪದೆ ತೋರಿಸುವುದು ಕಂಬಗಳನ್ನಲ್ಲ. ಮಂಟಪದ ಜಗಲಿಯ ಕೆತ್ತನೆಗಳ ನಡುವೆ ಒಂದು ಜಿರಾಫೆ ಇದೆ, ಚೀನಾದ ಡ್ರ್ಯಾಗನ್ ಇದೆ. 1430ರಲ್ಲಿ ಕಟ್ಟಲು ತೊಡಗಿದ ಬಸದಿ ಇದು. ಜಿರಾಫೆ ನಮ್ಮ ಕಾಡಿನ ಪ್ರಾಣಿಯಲ್ಲ. ಆಫ್ರಿಕಾದ ಪ್ರಾಣಿ ತುಳುನಾಡಿನ ಶಿಲ್ಪಿಯ ಉಳಿಗೆ ಸಿಗಬೇಕಾದರೆ ಯಾರೋ ಸಮುದ್ರ ದಾಟಿ ಬಂದಿರಬೇಕು, ಇಲ್ಲಿನ ಜಗಲಿಯಲ್ಲಿ ಕುಳಿತು ಅದರ ಕತೆ ಹೇಳಿರಬೇಕು. ಯಾರೋ ಕೂತು ಕೇಳಿರಬೇಕು. "ನಮ್ಮದು ಬಂದವರನ್ನು ಬರಮಾಡಿಕೊಂಡ ಊರು" ಎಂದು ನಾನು ಈ ಜಾಗದಲ್ಲಿ ಯಾವಾಗಲೂ ಹೇಳುತ್ತೇನೆ. ಸೋಮವಾರವೂ ಹೇಳಿದೆ.

ಉಳಿದವರು ಫೋಟೊ ತೆಗೆದು ಮುಂದೆ ಹೋದರು. ಇವರು ಮಾತ್ರ ಜಿರಾಫೆಯ ಮುಂದೆಯೇ ನಿಂತರು. "2020ರ ಮಾರ್ಚ್‌ನಲ್ಲಿ ನಾವಿದ್ದ ಹಡಗಿಗೆ ಒಂದೊಂದೇ ಊರು ಬೇಡ ಎನ್ನುತ್ತಾ ಬಂತು. ರಾತ್ರಿ ಡೆಕ್ಕಿನಿಂದ ದಡದ ದೀಪಗಳು ಕಾಣುತ್ತಿದ್ದವು. ಅಲ್ಲಿರುವವರು ನಮ್ಮ ಬಗ್ಗೆ ಏನೆಂದುಕೊಳ್ಳುತ್ತಿದ್ದಾರೋ ಎಂದು ತಂಗಿ ಕೇಳುತ್ತಿದ್ದಳು" ಎಂದು ಹೇಳಿ, ಮಾಸ್ಕನ್ನು ಗಲ್ಲಕ್ಕೆ ಇಳಿಸಿ, ನನ್ನನ್ನು ನೇರವಾಗಿ ನೋಡಿ ಆ ಪ್ರಶ್ನೆ ಕೇಳಿದರು. ಆಗ ನಿಮಗೆ ನಮ್ಮನ್ನು ಕಂಡರೆ ಹೆದರಿಕೆ ಇತ್ತೇ? ದನಿಯಲ್ಲಿ ದೂರು ಇರಲಿಲ್ಲ. ತಂಗಿಗೆ ಉತ್ತರ ಕೊಂಡೊಯ್ಯಬೇಕಿತ್ತು, ಅಷ್ಟೇ. ಇಲ್ಲ ಇಲ್ಲ, ಹಾಗೇನೂ ಇರಲಿಲ್ಲ.

ಇತ್ತು. ಬಹಳವೇ ಇತ್ತು.

2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ನಿಂತ 'ಡೈಮಂಡ್ ಪ್ರಿನ್ಸೆಸ್' ಹಡಗನ್ನು ದಿನಾ ಟಿ.ವಿ.ಯಲ್ಲಿ ನೋಡುತ್ತಿದ್ದೆವು. 3,711 ಜನರಲ್ಲಿ ಏಳುನೂರಕ್ಕೂ ಹೆಚ್ಚು ಮಂದಿಗೆ ಸೋಂಕು. ನಮ್ಮ ದೇಶದವರೇ 138 ಮಂದಿ ಅದರಲ್ಲಿದ್ದರು, ಅವರಲ್ಲಿ 132 ಮಂದಿ ಸಿಬ್ಬಂದಿ. 'ವೆಸ್ಟರ್‌ಡ್ಯಾಮ್' ಎಂಬ ಇನ್ನೊಂದು ಹಡಗಿಗೆ ಐದು ಕಡೆ ಬಾಗಿಲು ಮುಚ್ಚಿ, ಕೊನೆಗೆ ಕಾಂಬೋಡಿಯ ಒಳಗೆ ಬಿಟ್ಟಿತು. ಅಲ್ಲಿನ ಪ್ರಧಾನಿಯೇ ದಡಕ್ಕೆ ಬಂದು ಹೂ ಕೊಟ್ಟರು. ಆ ಚಿತ್ರ ನೋಡಿ ನಾನು ಆಡಿದ ಮಾತು ನೆನಪಿದೆ: "ಇವರಿಗೆ ಬುದ್ಧಿ ಇಲ್ಲವೇ?" ಮಾರ್ಚ್‌ನಲ್ಲಿ ನಮ್ಮ ಸರಕಾರವೂ ವಿದೇಶದಿಂದ ಬರುವ ಪ್ರವಾಸಿ ಹಡಗುಗಳನ್ನು ತಡೆಯಿತು. ನಮ್ಮ ಬಂದರಿಗೆ ಬರಬೇಕಿದ್ದ ಹಡಗು ಬರಲಿಲ್ಲ. ಕೂಲಿ ಹೋಯಿತೆಂದು ದುಃಖವಾಗಬೇಕಿತ್ತು. ನಾನು ದೇವರಿಗೆ ದೀಪ ಹಚ್ಚಿದೆ.

ತಡೆದದ್ದು ತಪ್ಪು ಎಂದು ಇಂದಿಗೂ ಹೇಳಲಾರೆ. ಅದು ಎಂಥ ರೋಗ, ಏನು ಔಷಧ ಎಂದು ಯಾರಿಗೂ ತಿಳಿಯದ ಕಾಲ. ಕ್ವಾರಂಟೈನ್ ಎಂಬ ಮಾತು ಹುಟ್ಟಿದ್ದೇ ಹಡಗುಗಳಿಂದ. ಪ್ಲೇಗಿನ ಕಾಲದಲ್ಲಿ ಇಟಲಿಯ ವೆನಿಸ್‌ನವರು ಬಂದ ಹಡಗನ್ನು ನಲುವತ್ತು ದಿನ ದೂರ ನಿಲ್ಲಿಸುತ್ತಿದ್ದರು, ಆ ನಲುವತ್ತೇ ಹೆಸರಾಯಿತು. ಆದರೆ ಬಾಗಿಲು ಹಾಕಿಕೊಳ್ಳುವುದು ಒಂದು, ಹಾಕಿಕೊಂಡ ಬಾಗಿಲಿನ ಹಿಂದೆ ನಿಂತು ಹೊರಗಿನವರನ್ನು ಮನುಷ್ಯರೆಂದೇ ಮರೆಯುವುದು ಇನ್ನೊಂದು. ನಾನು ಎರಡನ್ನೂ ಮಾಡಿದೆ. ಆ ಮಾರ್ಚ್‌ನಲ್ಲೇ ಕೇರಳದ ಗಡಿಯ ತಲಪಾಡಿಯ ಆಚೆಗೂ ಹಾಗೆಯೇ ಆಯಿತು. ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಆಚೆಯೇ ಉಳಿದರು. ಅವರಲ್ಲಿ ಎಷ್ಟೋ ಮಂದಿಯ ಮನೆಗಳಲ್ಲಿ ಆಡುವುದೂ ನಮ್ಮದೇ ತುಳು, ನಮ್ಮದೇ ಕನ್ನಡ. ಅವರಿಗಾಗಿ ನಾನು ಒಂದು ದೀಪ ಹಚ್ಚಿದ ನೆನಪಿಲ್ಲ.

ಈ ವಾರ ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಇವರಾರೂ ಅಲ್ಲ, ಎದುರು ಮನೆಯ ಬಾಯಮ್ಮನ ಮಗ.

ನಮ್ಮ ಕಡೆ ಪ್ರತಿ ಓಣಿಯಲ್ಲೂ 'ಹಡಗಿನಲ್ಲಿದ್ದಾನೆ' ಎನ್ನಬಹುದಾದ ಒಬ್ಬ ಹುಡುಗನಿರುತ್ತಾನೆ. ಅಡುಗೆಮನೆಯಲ್ಲಿ, ಕೋಣೆ ಗುಡಿಸುವುದರಲ್ಲಿ, ಊಟದ ಮೇಜಿನ ಬಳಿ. ಇವನು ಏಳು ತಿಂಗಳ ಒಪ್ಪಂದಕ್ಕೆಂದು ಹೋದವನು. 2020ರಲ್ಲಿ ಪ್ರಯಾಣಿಕರನ್ನೆಲ್ಲ ಇಳಿಸಿ ಕಳುಹಿಸಿದ ಮೇಲೂ ಸಿಬ್ಬಂದಿ ಹಡಗಿನಲ್ಲೇ ಉಳಿದರು. ಊರಿಗೆ ವಿಮಾನವಿಲ್ಲ, ಇಳಿಯಲು ಯಾವ ಬಂದರಿನಲ್ಲೂ ಅನುಮತಿಯಿಲ್ಲ. ಜೂನ್ ಕೊನೆಗೆ ಮುಂಬಯಿ ಮುಟ್ಟಿ, ಅಲ್ಲಿಂದ ಬಸ್ಸಿನಲ್ಲಿ ಬಂದು, ಸರಕಾರಿ ಕ್ವಾರಂಟೈನ್ ಮುಗಿಸಿ, ಪರೀಕ್ಷೆಯಲ್ಲಿ ಸೋಂಕಿಲ್ಲವೆಂಬ ಚೀಟಿ ಹಿಡಿದು ಒಂದು ಮಳೆಯ ಸಂಜೆ ಓಣಿಗೆ ಬಂದ. ಕೈಯ ಮೇಲಿನ ಮುದ್ರೆ ಇನ್ನೂ ಪೂರ್ತಿ ಮಾಸಿರಲಿಲ್ಲ. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಅವನು ತಲೆಯೆತ್ತಿ, "ಆಂಟಿ, ಹೇಗಿದ್ದೀರಿ?" ಎಂದ. ನಾನು ಕಿಟಕಿಯ ಬಾಗಿಲು ಎಳೆದುಕೊಂಡೆ.

ಚಿಕ್ಕಂದಿನಲ್ಲಿ ನನ್ನ ಮನೆಯ ಚಾಪೆಯ ಮೇಲೆ ಕುಳಿತು ಇಂಗ್ಲಿಷ್ ಕಲಿತ ಹುಡುಗ. ಆ ಇಂಗ್ಲಿಷಿನಿಂದಲೇ ಅವನಿಗೆ ಹಡಗಿನ ಕೆಲಸ ಸಿಕ್ಕಿತೆಂದು ಬಾಯಮ್ಮ ಊರಿಗೆಲ್ಲ ಹೇಳುತ್ತಿದ್ದರು. ಓಣಿಯವರು ತಿಂಗಳು ಕಾಲ ಅವರ ಮನೆಗೆ ಹಾಲು ಹಾಕಲು ಬಿಡಲಿಲ್ಲ. ಹಾಲಿನವನನ್ನು ತಡೆದವಳು ನಾನಲ್ಲ. ತಡೆದವರನ್ನು ಕೇಳಿದವಳೂ ನಾನಲ್ಲ. ಅವನು 2021ರ ಕೊನೆಗೆ ಮತ್ತೆ ಹಡಗಿಗೆ ಹೋದ; ನಡುವೆ ಒಮ್ಮೆ ಬಂದು ಹೋದಾಗ ದೂರದಿಂದ ನಕ್ಕ, ಅಷ್ಟೇ. ಈಗ ಅವನಿರುವ ಹಡಗಿನಲ್ಲಿ ಪ್ರಯಾಣಿಕರಿಗೆ ಮಾಸ್ಕ್ ಅವರವರ ಇಷ್ಟ, ಕೆಲಸದವರಿಗೆ ಕಡ್ಡಾಯವಂತೆ. ಬಾಯಮ್ಮ ಹೇಳಿದ್ದು. ನಿಯಮ ಸಡಿಲವಾಗುವುದೂ ಮೇಲಿನ ಅಂತಸ್ತಿನಿಂದಲೇ ಶುರುವಾಗುತ್ತದೆ ಎಂದು ಆಗ ಅನ್ನಿಸಿತ್ತು, ಆಡಲಿಲ್ಲ. ಕಿಟಕಿ ಎಳೆದುಕೊಂಡವಳಿಗೆ ಆ ಮಾತಾಡುವ ಬಾಯಿ ಎಲ್ಲಿಂದ ಬರಬೇಕು?

ಆ ಮಹಿಳೆಗೆ ಕಾರ್ಕಳದಲ್ಲಾದರೂ ನಿಜ ಹೇಳಬಹುದಿತ್ತು. ಗೊಮ್ಮಟನ ಬೆಟ್ಟದ ಮೆಟ್ಟಿಲುಗಳನ್ನು ಹತ್ತಲಾಗದೆ ಅವರು ಕೆಳಗೇ ನೆರಳಿನಲ್ಲಿ ಕುಳಿತರು. ಉಳಿದವರು ಮೇಲೆ 42 ಅಡಿಯ ಬಾಹುಬಲಿಯ ಪಾದದ ಬಳಿ ಫೋಟೊ ತೆಗೆಸಿಕೊಳ್ಳುತ್ತಿದ್ದಾಗ ನಾನು ಎರಡು ಸಲ ಇಳಿದು ಬಂದು ನೀರು ಬೇಕೇ ಎಂದು ಕೇಳಿದೆ. ಎರಡು ಸಲವೂ ಆ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಸಂಜೆ ಬಂದರಿನಲ್ಲಿ ಅವರು ಕೈಕುಲುಕಲೆಂದು ಕೈ ಚಾಚಿ, ಅರ್ಧದಲ್ಲಿ ತಡೆದು, "ಕೊಡಬಹುದೇ?" ಎಂದರು. ನಾನು ಎರಡೂ ಕೈಗಳಲ್ಲಿ ಹಿಡಿದುಕೊಂಡೆ. ತಂಗಿಗೆ ಅವರು ಕೊಂಡೊಯ್ದದ್ದು ನನ್ನ ಸುಳ್ಳನ್ನೇ.

ಇಂದು ಬೆಳಿಗ್ಗೆ ಎದುರು ಮನೆಗೆ ಹೋದೆ. ಬಾಗಿಲಲ್ಲಿ ಆಗಲೇ ಕ್ರಿಸ್ಮಸ್ ನಕ್ಷತ್ರ ತೂಗುತ್ತಿತ್ತು. ಬಾಯಮ್ಮ ಹಬ್ಬದ ತಿಂಡಿ ಕುಸ್ವಾರಿಗೆಂದು ತೆಂಗಿನಕಾಯಿ ತುರಿಯುತ್ತಿದ್ದರು. ಕುಳಿತುಕೊಳ್ಳಿ ಅಕ್ಕ ಎಂದರು. ನಾನು ನಿಂತೇ ಇದ್ದೆ. ಅಂದು ನಿಮ್ಮ ಮಗ ಬಂದ ದಿನ ನಾನು ಕಿಟಕಿ ಮುಚ್ಚಿದೆ, ಹೆದರಿಕೆಯಾಗಿತ್ತು, ತಪ್ಪಾಯಿತು ಎಂದೆ.

ಅವರ ಕೈ ನಿಂತಿತು. "ಗೊತ್ತು. ನಾನು ಅವನ ಹಿಂದೆಯೇ ಕೊಡೆ ಹಿಡಿದುಕೊಂಡು ಬರುತ್ತಿದ್ದೆ" ಎಂದರು.

ನನಗೆ ಅವರು ಕಂಡಿರಲೇ ಇಲ್ಲ.

ಸ್ವಲ್ಪ ಹೊತ್ತು ತುರಿಮಣೆಯ ಸದ್ದು ಮಾತ್ರ ಇತ್ತು. ಆಮೇಲೆ ತಲೆಯೆತ್ತದೆಯೇ ಹೇಳಿದರು: "ನನಗೆ ಹೇಳಿ ಏನು ಮಾಡುವುದು ಅಕ್ಕ? ಫೆಬ್ರವರಿಯಲ್ಲಿ ಬರುತ್ತಾನೆ. ಅವನಿಗೇ ಹೇಳಿ."