ತಾರೆಯ ಊರಿನಿಂದ ಮುಂಡಗೋಡಿಗೆ

ಮುಂಡಗೋಡಿನ ಟಿಬೆಟಿಯನ್ ಕಾಲೊನಿಗೆ ಜಾಸ್ತಿ ಜನ ಹುಬ್ಬಳ್ಳಿ ಕಡೆಯಿಂದ ಹೋಗುತ್ತಾರೆ. ಶಿವಮೊಗ್ಗದ ನಾವು ಶಿಕಾರಿಪುರ, ಶಿರಾಳಕೊಪ್ಪದ ದಾರಿ ಹಿಡಿದೆವು. ಈ ದಾರಿಯಲ್ಲಿ ಬಳ್ಳಿಗಾವೆ ಸಿಗುತ್ತದೆ. ಅಲ್ಲಿ ಇಳಿಯದೆ ಮುಂದೆ ಹೋಗಲು ನನಗೆ ಮನಸ್ಸಿರಲಿಲ್ಲ.

ಜೊತೆಗೆ ಸಾಗರದ ದೊಡ್ಡಮ್ಮ ಇದ್ದರು. ಬಳ್ಳಿಗಾವೆ ಅಂದರೆ ಅವರಿಗೆ ಅಲ್ಲಮಪ್ರಭುವಿನ ಊರು, ಅಕ್ಕಮಹಾದೇವಿಯ ಉಡುತಡಿಗೆ ಹತ್ತಿರದ ಊರು. "ಬೌದ್ಧರಿಗೂ ಈ ಊರಿಗೂ ಏನೋ ಸಂಬಂಧ?" ಎಂದು ಕೇಳಿದರು. ಸಂಬಂಧ ಗಟ್ಟಿಯಾಗಿಯೇ ಇದೆ. ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರ ಆಳುತ್ತಿದ್ದಾಗ, 1065ರಲ್ಲಿ, ದಂಡನಾಯಕ ರೂಪಭಟ್ಟಯ್ಯ ಇಲ್ಲೊಂದು ಬೌದ್ಧ ವಿಹಾರ ಕಟ್ಟಿಸಿದ. ಜಯಂತಿ ಪ್ರಬುದ್ಧ ವಿಹಾರ ಅಂತ ಅದರ ಹೆಸರು. ಬೌದ್ಧರ ದೇವಿ ತಾರಾ ಭಗವತಿ, ಕೇಶವ, ಲೋಕೇಶ್ವರ, ಬುದ್ಧ, ಇವರೆಲ್ಲರ ಪೂಜೆಗೆ ದತ್ತಿ ಬಿಟ್ಟ ವಿಷಯ ಶಾಸನದಲ್ಲಿದೆ. ಒಂದೇ ದತ್ತಿಯಲ್ಲಿ ಕೇಶವನೂ ಬುದ್ಧನೂ!

ವಿಹಾರ ಈಗ ಉಳಿದಿಲ್ಲ. ಕೇದಾರೇಶ್ವರ ಮತ್ತು ತ್ರಿಪುರಾಂತಕ ಗುಡಿಗಳು ಉಳಿದಿವೆ. ಚಾಮುಂಡರಾಯರಸ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡದ ಕಂಬ ಉಳಿದಿದೆ. ಇಲ್ಲಿನ ಕೋಡಿಮಠ ಕಾಳಾಮುಖ ಶೈವರದ್ದು. ಅಲ್ಲಿ ವೇದ, ವ್ಯಾಕರಣದ ಜೊತೆಗೆ ಬೌದ್ಧ ದರ್ಶನವನ್ನೂ ಕಲಿಸುತ್ತಿದ್ದರು ಎಂದು 1162ರ ಶಾಸನ ಹೇಳುತ್ತದೆ. ಕುಂಟರಿಗೆ, ಕುರುಡರಿಗೆ ಊಟ ಹಾಕುತ್ತಿದ್ದರು, ಕಾಯಿಲೆಯವರಿಗೆ ಔಷಧ ಕೊಡುತ್ತಿದ್ದರು. ಮಲೆನಾಡಿನ ಹಳೆಯ ಹೆಮ್ಮೆಗಳಲ್ಲಿ ನನಗೆ ಇದು ಎಲ್ಲಕ್ಕಿಂತ ದೊಡ್ಡದು. ಇನ್ನೂ ಹಿಂದಕ್ಕೆ ಹೋದರೆ, ಅಶೋಕನ ಕಾಲದಲ್ಲಿ ರಕ್ಖಿತ ಎಂಬ ಭಿಕ್ಷು ಧರ್ಮ ಹೇಳಲು ಬನವಾಸಿ ಸೀಮೆಗೆ ಬಂದ ಎಂದು ಸಿಂಹಳದ ಮಹಾವಂಶದಲ್ಲಿದೆ. ಬನವಾಸಿ ಇಲ್ಲಿಂದ ದೂರವೇನಲ್ಲ.

ಆನವಟ್ಟಿ, ಹಾನಗಲ್ ದಾಟಿ ಮುಂಡಗೋಡು ತಲುಪುವ ಹೊತ್ತಿಗೆ ಕಾಡು ತೆಳುವಾಗಿ ಮೆಕ್ಕೆಜೋಳದ ಹೊಲಗಳು ಶುರುವಾದವು. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು, ಅವರ ಹಿಂದೆ ಸಾವಿರಾರು ಜನ ಬಂದರು. ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದಾಗ, 1966ರಲ್ಲಿ, ಇಲ್ಲಿ ವಸತಿ ಶುರುವಾಯಿತು. ಲಾಸಾ ಹತ್ತಿರದ ಗಂದೆನ್ ಮಠ 1409ರದ್ದು, ಡ್ರೆಪುಂಗ್ ಮಠ 1416ರದ್ದು. ಎರಡೂ ಈ ಮಣ್ಣಿನಲ್ಲಿ ಮತ್ತೆ ಬೇರು ಬಿಟ್ಟಿವೆ.

ಮಠದ ಮಾಡಿನ ಮೇಲೆ ಚಿನ್ನದ ಬಣ್ಣದ ಚಕ್ರ, ಅದರ ಎರಡೂ ಪಕ್ಕ ಮಂಡಿಯೂರಿದ ಜಿಂಕೆಗಳು. ಸಾರನಾಥದ ಜಿಂಕೆವನದಲ್ಲಿ ಬುದ್ಧ ಮೊದಲ ಸಲ ಬೋಧಿಸಿದ್ದರ ಗುರುತು ಅದು. ಜಗುಲಿಯ ಗೋಡೆಯಲ್ಲಿ ನಾಲ್ಕು ದಿಕ್ಕಿನ ಕಾವಲುಗಾರರು. ಒಬ್ಬನ ಕೈಯಲ್ಲಿ ಕತ್ತಿ, ಒಬ್ಬನ ಕೈಯಲ್ಲಿ ವೀಣೆಯಂಥ ವಾದ್ಯ. ಇನ್ನೊಬ್ಬನ ತೋಳಿನಲ್ಲಿ ರತ್ನ ಉಗುಳುವ ಮುಂಗುಸಿ. ಹಾವು ಹಿಡಿದವನ ಹೆಸರು ವಿರೂಪಾಕ್ಷ ಅಂದಾಗ ದೊಡ್ಡಮ್ಮನ ಮುಖ ಅರಳಿತು.

ಹುಟ್ಟು ಸಾವುಗಳ ಸುತ್ತನ್ನು ತೋರಿಸುವ ಭವಚಕ್ರದ ಚಿತ್ರದ ಮುಂದೆ ನಾವು ತುಂಬಾ ಹೊತ್ತು ನಿಂತೆವು. ಇಡೀ ಚಕ್ರವನ್ನು ಯಮ ಹಲ್ಲಲ್ಲಿ ಕಚ್ಚಿ, ಉಗುರಲ್ಲಿ ಹಿಡಿದಿದ್ದಾನೆ. ನಟ್ಟನಡುವೆ ಹಂದಿ, ಹಾವು, ಹುಂಜ. ಅಜ್ಞಾನ, ದ್ವೇಷ, ಆಸೆ ಅಂತ ಅರ್ಥ. ಸುತ್ತಿನ ಆರು ಲೋಕಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಸಿದ ಪ್ರೇತಗಳದ್ದು. ಹೊಟ್ಟೆ ಗುಡಾಣದಷ್ಟು, ಕುತ್ತಿಗೆ ಮಾತ್ರ ನೂಲಿನಷ್ಟು. ಎಷ್ಟು ಸಿಕ್ಕರೂ ಒಳಗೆ ಇಳಿಯುವುದಿಲ್ಲ. ಹೊರ ಅಂಚಿನಲ್ಲಿ ಹನ್ನೆರಡು ಪುಟ್ಟ ಚಿತ್ರಗಳು. ಕೋಲೂರಿ ನಡೆಯುವ ಕುರುಡ, ಮಡಕೆ ಮಾಡುವ ಕುಂಬಾರ, ಕೊಂಬೆಯಿಂದ ಕೊಂಬೆಗೆ ಹಾರುವ ಕೋತಿ, ಕಣ್ಣಿಗೆ ಬಾಣ ನೆಟ್ಟ ಮನುಷ್ಯ, ಕೊನೆಯಲ್ಲಿ ಹೆಣ ಹೊತ್ತವನು. ಕುರುಡ ಅಂದರೆ ಅರಿವಿಲ್ಲದಿರುವುದು, ಕುಂಬಾರ ಅಂದರೆ ನಮ್ಮ ಕರ್ಮವನ್ನು ನಾವೇ ರೂಪಿಸಿಕೊಳ್ಳುವುದು. ಓದು ಬಾರದವರಿಗೂ ತಿಳಿಯುವ ಹಾಗೆ ಬರೆದ ಪಾಠ ಇದು. ಸುಮ್ನೆ ಅಲಂಕಾರ ಅಂತ ಫೋಟೊ ತೆಗೆದು ಒಳಗೆ ಹೋಗುವವರನ್ನು ನೋಡಿದರೆ ನಿಲ್ಲಿಸಿ ತೋರಿಸಬೇಕು ಅನ್ನಿಸುತ್ತದೆ.

ಒಳಗೆ ಗಂದೆನ್ ಮಠ ಸ್ಥಾಪಿಸಿದ ಗುರು, ಹಳದಿ ಟೋಪಿಯ ತ್ಸೊಂಗ್‌ಖಪ, ಅವರ ಎಡಬಲಕ್ಕೆ ಇಬ್ಬರು ಶಿಷ್ಯರು. ಮುಂದೆ ಸಾಲುದೀಪ. ಕಂಬಗಳಿಗೆ ಬಣ್ಣದ ಬಟ್ಟೆ. ಪಕ್ಕದ ಗೋಡೆಯಲ್ಲಿ ನಾನು ಹುಡುಕುತ್ತಿದ್ದ ತಾರೆ, ಬಟ್ಟೆಯ ಮೇಲೆ ಬರೆದ ತಂಗ್ಕಾದಲ್ಲಿ.

ಹಸಿರು ಮೈ. ಬಲಗೈ ವರ ಕೊಡುವಂತೆ ಕೆಳಗೆ ಚಾಚಿದೆ, ಎಡಗೈಯಲ್ಲಿ ಕನ್ನೈದಿಲೆ. ಎಡಗಾಲು ಮಡಚಿದೆ, ಬಲಗಾಲು ಪೀಠದಿಂದ ಇಳಿದು ಪುಟ್ಟ ತಾವರೆಯ ಮೇಲಿದೆ. ಹತ್ತಿರ ಹೋಗಿ ನೋಡಿದರೆ ಬೆರಳಿನ ಒಂದೊಂದು ಗೆರೆಯೂ ಕೂದಲೆಳೆಯಷ್ಟು ಸಣ್ಣ. ಚೌಕ ಹಾಕಿ, ಅಳತೆ ಹಿಡಿದೇ ಈ ಚಿತ್ರ ಬರೆಯುತ್ತಾರೆ. ಕಣ್ಣು ತೆರೆಯುವುದು ಎಲ್ಲಕ್ಕಿಂತ ಕೊನೆಗೆ.

ಅಲ್ಲೇ ಇದ್ದ ಯುವ ಭಿಕ್ಷುವನ್ನು ದೊಡ್ಡಮ್ಮ ಕೇಳಿದರು, "ಇವಳು ಒಂದು ಕಾಲು ಯಾಕೆ ಹಾಗೆ ಇಳಿಬಿಟ್ಟಿದ್ದಾಳೆ ಸ್ವಾಮಿಗಳೇ?"

ಅವರು ಚೆನ್ನಾಗಿಯೇ ಕನ್ನಡ ಮಾತಾಡಿದರು. "ಕರೆದ ತಕ್ಷಣ ಎದ್ದು ಬರಬೇಕಲ್ವಾ ಅಮ್ಮ, ಅದಕ್ಕೆ."

ದೊಡ್ಡಮ್ಮ ಕೈ ಮುಗಿದರು. ಒಂಬೈನೂರು ವರ್ಷದ ಹಿಂದೆ ನಮ್ಮ ಬಳ್ಳಿಗಾವೆಯಲ್ಲೂ ಇದೇ ತಾಯಿಗೆ ಪೂಜೆ ನಡೆಯುತ್ತಿತ್ತು ಎಂದು ನಾನು ಭಿಕ್ಷುಗಳಿಗೆ ಹೇಳಿದೆ. ಅವರಿಗೆ ನಂಬಲಾಗಲಿಲ್ಲ. ಊರಿನ ಹೆಸರನ್ನು ಮತ್ತೆ ಕೇಳಿ, ತಮ್ಮ ಲಿಪಿಯಲ್ಲಿ ಬರೆದುಕೊಂಡರು. ಇಲ್ಲಿಗೆ ಬಂದವರು ನಿರಾಶ್ರಿತರು ನಿಜ, ಆದರೆ ಅವರು ಹೊತ್ತು ತಂದ ತಾರೆ ಈ ಸೀಮೆಗೆ ಹೊಸಬಳಲ್ಲ. ಈ ಮಾತನ್ನು ಅವರಿಗೆ ನಮ್ಮ ಕಡೆಯವರೇ ಹೇಳಬೇಕಿತ್ತು.

ಹೋಗುವವರು ಬೆಳಿಗ್ಗೆಯೇ ಹೋಗಿ. ಮಠಗಳು ದೂರದೂರ ಇರುವುದರಿಂದ ಸ್ವಂತ ಗಾಡಿಯಿದ್ದರೆ ಒಳ್ಳೆಯದು. ಪ್ರದಕ್ಷಿಣೆ ನಮ್ಮಂತೆಯೇ ಎಡದಿಂದ ಬಲಕ್ಕೆ, ಮಂತ್ರ ತುಂಬಿದ ಮಣಿಚಕ್ರ ತಿರುಗಿಸುವುದೂ ಹಾಗೆಯೇ. ಪ್ರಾರ್ಥನೆ ನಡೆಯುತ್ತಿದ್ದರೆ ಹಿಂದೆ ಗೋಡೆ ಪಕ್ಕ ಕೂತು ಕೇಳಿ, ಫೋಟೊಗೆ ಮೊದಲು ಒಪ್ಪಿಗೆ ಪಡೆಯಿರಿ. ವಿದೇಶದ ಗೆಳೆಯರಿದ್ದರೆ ಅವರು ಕೇಂದ್ರ ಸರ್ಕಾರದ ಪರವಾನಗಿಗೆ ಮೊದಲೇ ಅರ್ಜಿ ಹಾಕಬೇಕು, ನಮಗೆ ಅದರ ಅಗತ್ಯವಿಲ್ಲ.