“ಅಲ್ಲಿ ನಮ್ಮೋರ್ನ ಹೆಂಗ್ ನೋಡ್ತಾರೆ?”

ಹನ್ನೊಂದು ವರ್ಷ ಮಲೇಷ್ಯಾದಲ್ಲಿದ್ದು 2017ರಲ್ಲಿ ಮೈಸೂರಿಗೆ ವಾಪಸ್ ಬಂದೆ. ಅವತ್ತಿನಿಂದ ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ. ಮದುವೆ ಮನೆಯಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ. ಕುವೆಂಪುನಗರದ ಪಾರ್ಕಿನಲ್ಲಿ ವಾಕಿಂಗ್ ಬರುವವರು ಕೇಳುತ್ತಾರೆ. ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಸೋದರಮಾವ ಅಂತೂ ಹೋದಾಗಲೆಲ್ಲ ಕೇಳುತ್ತಾರೆ. “ಅಲ್ಲ ಕಣವ್ವ, ಅಲ್ಲಿ ನಮ್ಮೋರ್ನ ಕೀಳಾಗಿ ನೋಡ್ತಾರಂತಲ್ಲ, ದಿಟವಾ?”

ಹೌದು ಅಥವಾ ಇಲ್ಲ ಅಂದುಬಿಟ್ಟರೆ ಅವರಿಗೆ ಸಾಕು. ನನಗೆ ಅದು ಬಾಯಿಗೆ ಬರುವುದಿಲ್ಲ. ತೊಡಕಿರುವುದು ‘ನಮ್ಮೋರು’ ಅನ್ನುವ ಮಾತಿನಲ್ಲಿ.

ಮಾವನ ಊರಲ್ಲಿ ನಮ್ಮೋರು ಅಂದರೆ ನಮ್ಮ ಜಾತಿಯವರು. ನಾಲೆ ಆಚೆ ಕೇರಿಯವರು ನಮ್ಮ ಗದ್ದೆಯಲ್ಲೇ ತಲೆತಲಾಂತರದಿಂದ ದುಡಿದಿದ್ದಾರೆ, ಆದರೂ ಆ ಮಾತಿನೊಳಗೆ ಅವರಿಗೆ ಜಾಗವಿಲ್ಲ. ಮೈಸೂರಿಗೆ ಬಂದರೆ ನಮ್ಮೋರು ಅಂದರೆ ಕನ್ನಡದವರು. ಅದೇ ಮಾವ ಮಲೇಷ್ಯಾದ ಸುದ್ದಿ ಎತ್ತಿದಾಗ ಆ ಮಾತು ತಮಿಳರನ್ನೂ ಒಳಗೆ ಕರೆದುಕೊಳ್ಳುತ್ತದೆ. ಏಕೆಂದರೆ ಮಲೇಷ್ಯಾದ ಭಾರತೀಯರಲ್ಲಿ ಬಹುಪಾಲು ತಮಿಳರೇ.

1991ರಲ್ಲಿ ನಾನು ಏಳನೇ ಕ್ಲಾಸು. ನಾವಿದ್ದದ್ದು ಎನ್.ಆರ್. ಮೊಹಲ್ಲಾದ ಒಂದು ವಠಾರದಲ್ಲಿ. ಆ ವರ್ಷ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಬೇಕು ಅಂತ ಮಧ್ಯಂತರ ಆದೇಶ ಕೊಟ್ಟಿತ್ತು. ಡಿಸೆಂಬರ್‌ನಲ್ಲಿ ಅದು ಗೆಜೆಟ್‌ನಲ್ಲಿ ಬಂದಾಗ ಬೆಂಗಳೂರಲ್ಲಿ ಗಲಾಟೆ ಎದ್ದಿತು, ಮೈಸೂರು ಕಡೆಗೂ ಹಬ್ಬಿತು. ನಮ್ಮ ಎದುರು ಮನೆಯವರು ತಮಿಳರು. ಇಸ್ತ್ರಿ ಅಂಗಡಿ ಇಟ್ಟಿದ್ದರು. ಆ ರಾತ್ರಿ ಅವರ ಮನೆಯ ಐದು ಜನ ನಮ್ಮ ಅಡುಗೆಮನೆಯಲ್ಲಿ ದೀಪ ಹಾಕದೆ ಕೂತಿದ್ದರು. ಅಪ್ಪ ಅವರ ಅಂಗಡಿಯ ಬೋರ್ಡಿನ ತಮಿಳು ಅಕ್ಷರಗಳ ಮೇಲೆ ಸುಣ್ಣ ಬಳಿದು ಬಂದರು. ಬೀದಿಯಲ್ಲಿ ಕಲ್ಲು ಹಿಡಿದಿದ್ದ ಹುಡುಗರಲ್ಲಿ ಇಬ್ಬರ ಗುರುತು ನನಗಿತ್ತು. ದಿನಾ ಅದೇ ಅಂಗಡಿಯಲ್ಲಿ ಶರ್ಟು ಇಸ್ತ್ರಿ ಮಾಡಿಸುತ್ತಿದ್ದವರು.

ಹದಿನೈದು ವರ್ಷ ಕಳೆದು 2006ರಲ್ಲಿ ಗಂಡನ ಕೆಲಸದ ಮೇಲೆ ಕ್ವಾಲಾಲಂಪುರಕ್ಕೆ ಹೋದೆವು. ಮೊದಲ ಕೆಲಸ ಮನೆ ಹುಡುಕುವುದು. ಫೋನ್ ಮಾಡಿದರೆ ಬಾಡಿಗೆಗಿಂತ ಮೊದಲು ಬ್ರೋಕರ್ ಕೇಳುತ್ತಿದ್ದದ್ದು “ನೀವು ಇಂಡಿಯನ್ನಾ?” ಹೌದು ಅಂದರೆ ಮನೆ ಆಗಲೇ ಹೋಯ್ತು ಅನ್ನುತ್ತಿದ್ದರು. ಚೀನಿಯರಿಗೆ ಮಾತ್ರ ಅಂತ ಜಾಹೀರಾತಿನಲ್ಲೇ ಬರೆದಿದ್ದ ಮನೆಗಳೂ ಇದ್ದವು. ಆರನೇ ಮನೆಯೂ ತಪ್ಪಿದ ದಿನ ನಾನು ಅತ್ತೆ. ಕೊನೆಗೆ ಮನೆ ಕೊಟ್ಟವರು ಒಬ್ಬ ಮಲಯ ಟೀಚರಮ್ಮ. ವಯಸ್ಸಾದ ಹೆಂಗಸರನ್ನು ಅಲ್ಲಿ ಮಕ್‌ಚಿಕ್ ಅಂತಾರೆ, ನಮ್ಮ ಚಿಕ್ಕಮ್ಮನ ಹಾಗೆ. ಹಂದಿ ಮಾಂಸ ಮಾತ್ರ ಬೇಯಿಸಬೇಡಿ ಅಂದರು. ನಮ್ಮ ಮನೆಯಲ್ಲಿ ಯಾರೂ ತಿನ್ನುವುದಿಲ್ಲ ಅಂದೆ. ಅಲ್ಲಿಗೆ ಮಾತು ಮುಗಿಯಿತು, ಬೀಗದ ಕೈ ಕೊಟ್ಟರು.

ಇದನ್ನು ಹೇಳಿದಾಗ ಇಲ್ಲಿಯವರು “ನೋಡಿದ್ರಾ, ಹೇಗಿದೆ ಅವರ ಬುದ್ಧಿ” ಅನ್ನುತ್ತಾರೆ. ಆದರೆ 2017ರಲ್ಲಿ ಮೈಸೂರಲ್ಲಿ ಮನೆ ಹುಡುಕಿದಾಗಲೂ ಗೇಟಿನಲ್ಲೇ ನಿಲ್ಲಿಸಿ ಕೇಳಿದ್ದು “ನೀವು ಯಾವ ಜನ?” ಅಂತಲೇ ಅಲ್ವಾ? ಮಾಂಸ ತಿಂತೀರಾ ಅಂತ ಕೇಳಿದರು. ನಮ್ಮ ಹಿಂದೆಯೇ ಅದೇ ಮನೆ ನೋಡಲು ಬಂದ ಮುಸ್ಲಿಂ ದಂಪತಿಗೆ ಮನೆ ತೋರಿಸಲೂ ಇಲ್ಲ. ನನಗೆ ಎರಡೂ ಕಡೆಯ ಗೇಟಿನ ಅನುಭವ ಇದೆ. ಎರಡೂ ಒಂದೇ ತರಹ ಸುಡುತ್ತವೆ.

ಹಾಗಂತ ಎರಡೂ ದೇಶ ಒಂದೇ ಅಂತಲ್ಲ. ಇಲ್ಲಿ ಬಾಯಲ್ಲಿ ಕೇಳುವುದನ್ನು ಅಲ್ಲಿ ಅರ್ಜಿಯಲ್ಲೇ ಕೇಳುತ್ತಾರೆ. ಎಷ್ಟೋ ಅರ್ಜಿಗಳಲ್ಲಿ ‘ಬಂಗ್ಸಾ’ ಅಂತ ಒಂದು ಸಾಲು ಇರುತ್ತದೆ. ನಮ್ಮ ‘ವಂಶ’ ಮಲಯ ಭಾಷೆಗೆ ಹೋಗಿ ಬಂಗ್ಸಾ ಆಗಿದೆ. ಕೆಳಗೆ ನಾಲ್ಕು ಚೌಕ: ಮೆಲಾಯು, ಚಿನಾ, ಇಂಡಿಯಾ, ಇತರೆ. ಮಲಯರಿಗೂ ಸಬಾ, ಸರವಾಕ್ ರಾಜ್ಯಗಳ ಮೂಲನಿವಾಸಿಗಳಿಗೂ ಸೇರಿಸಿ ‘ಬುಮಿಪುತ್ರ’ ಅನ್ನುತ್ತಾರೆ. ಈ ಪದ ಕೇಳಿ ಮಾವ ಖುಷಿಪಟ್ಟಿದ್ದರು. “ಅಂಗಾರೆ ಮಣ್ಣಿನ ಮಕ್ಳು ಅನ್ನು.” ಜನಸಂಖ್ಯೆಯಲ್ಲಿ ಅವರೇ ಬಹುಮತ. ಚೀನಿಯರು ಸುಮಾರು ಕಾಲು ಭಾಗ, ಭಾರತೀಯರು ನೂರಕ್ಕೆ ಏಳರಷ್ಟು. 1957ರಲ್ಲಿ ಸ್ವಾತಂತ್ರ್ಯ ಬಂದಾಗ ಬರೆದ ಸಂವಿಧಾನದ 153ನೇ ವಿಧಿ ಮಲಯರಿಗೆ ವಿಶೇಷ ಸ್ಥಾನ ಕೊಟ್ಟಿತು. ಮಲಯ ಅಂದರೆ ಯಾರು ಅನ್ನುವುದನ್ನು 160ನೇ ವಿಧಿ ಹೇಳುತ್ತದೆ: ಇಸ್ಲಾಂ ಪಾಲಿಸಬೇಕು, ಮಲಯ ಮಾತಾಡಬೇಕು, ಮಲಯ ಪದ್ಧತಿಯಂತೆ ನಡೆಯಬೇಕು.

ಇಷ್ಟು ಕೇಳಿದವರು ಮಲಯರನ್ನು ಬೈಯಲು ಶುರು ಮಾಡುತ್ತಾರೆ. ಸ್ವಲ್ಪ ತಡೆಯಿರಿ ಅನ್ನುತ್ತೇನೆ.

ಬ್ರಿಟಿಷರು ಆ ದೇಶವನ್ನು ಮೂರು ಕೋಣೆ ಮಾಡಿ ಇಟ್ಟಿದ್ದರು. ಮಲಯರು ಹಳ್ಳಿಯಲ್ಲಿ ಭತ್ತ ಬೆಳೆದುಕೊಂಡು, ಮೀನು ಹಿಡಿದುಕೊಂಡು ಇರಬೇಕು. ಚೀನಿಯರು ತವರದ ಗಣಿಯಲ್ಲಿ, ಪೇಟೆಯ ಅಂಗಡಿಯಲ್ಲಿ. ತಮಿಳರು ರಬ್ಬರ್ ತೋಟದ ಲೈನು ಮನೆಗಳಲ್ಲಿ. ಒಬ್ಬರ ಬದುಕು ಇನ್ನೊಬ್ಬರಿಗೆ ಕಾಣುವಂತಿರಲಿಲ್ಲ. ಮಲಯರಿಗೆ ಕಾಣುತ್ತಿದ್ದದ್ದು ಚೀನಿಯರ ಅಂಗಡಿ ಮಾತ್ರ. ನಿಜವಾದ ಗಂಟು ಬೇರೆ ಕಡೆ ಇತ್ತು. 1970ರಲ್ಲಿ ಕಂಪನಿಗಳ ಷೇರಿನಲ್ಲಿ ಮಲಯರ ಪಾಲು ನೂರಕ್ಕೆ 2.4. ಚೀನಿಯರ ಪಾಲು ಅದಕ್ಕಿಂತ ಎಷ್ಟೋ ಜಾಸ್ತಿ, ನಿಜ. ಆದರೆ ನೂರಕ್ಕೆ 60ಕ್ಕೂ ಹೆಚ್ಚು ಪಾಲು ವಿದೇಶಿಯರದ್ದು, ಅದರಲ್ಲೂ ಬ್ರಿಟಿಷ್ ಕಂಪನಿಗಳದ್ದು. ಯಜಮಾನ ಲಂಡನ್ನಿನಲ್ಲಿ, ಜಗಳ ಮಾತ್ರ ಬೀದಿಯಲ್ಲಿ.

ಆ ಜಗಳ ಹೊತ್ತಿಕೊಂಡದ್ದು 1969ರ ಮೇ 13ಕ್ಕೆ. ಮೂರು ದಿನದ ಹಿಂದಷ್ಟೇ ಚುನಾವಣೆ ಮುಗಿದಿತ್ತು. ಆಳುವ ಕೂಟಕ್ಕೆ ಪೆಟ್ಟು ಬಿದ್ದಿತ್ತು, ವಿರೋಧ ಪಕ್ಷದವರು ಕ್ವಾಲಾಲಂಪುರದಲ್ಲಿ ಮೆರವಣಿಗೆ ಮಾಡಿದ್ದರು. ಸರ್ಕಾರದ ಲೆಕ್ಕದಲ್ಲೇ 196 ಜನ ಸತ್ತರು. ಸತ್ತವರಲ್ಲಿ ಚೀನಿಯರೇ ಜಾಸ್ತಿ. ಪಾರ್ಲಿಮೆಂಟ್ ಮುಚ್ಚಿತು, 1971ರ ಫೆಬ್ರುವರಿಯವರೆಗೆ ತೆರೆಯಲಿಲ್ಲ. ಅದರ ಬೆನ್ನಿಗೇ ‘ಹೊಸ ಆರ್ಥಿಕ ನೀತಿ’ ಬಂತು. ಮಲಯರ ಪಾಲನ್ನು ಇಪ್ಪತ್ತು ವರ್ಷದಲ್ಲಿ ನೂರಕ್ಕೆ 30 ಮಾಡಬೇಕು, ಬಡತನ ಯಾರ ಮನೆಯಲ್ಲಿದ್ದರೂ ಹೋಗಲಾಡಿಸಬೇಕು ಅಂತ ಅದರ ಗುರಿ.

ನಮ್ಮ ಮಕ್‌ಚಿಕ್ ಆ ನೀತಿಯ ಮಗಳು. ಅವರ ಊರು ಉತ್ತರದ ಕೆದಾ. ಅದು ಆ ದೇಶದ ಮಂಡ್ಯ ಅನ್ನಬಹುದು, ಎಲ್ಲಿ ನೋಡಿದರೂ ಭತ್ತದ ಗದ್ದೆ. ಅಪ್ಪ ಗೇಣಿಗೆ ಮಾಡುತ್ತಿದ್ದರು. “ಸ್ಕಾಲರ್‌ಶಿಪ್ ಸಿಗದಿದ್ದರೆ ನಾನಿವತ್ತಿಗೂ ಕೆಸರಲ್ಲಿ ನಿಂತು ನಾಟಿ ಹಾಕ್ತಿದ್ದೆ” ಅಂತ ಹೇಳುತ್ತಿದ್ದರು. ಅದು ಸುಳ್ಳಲ್ಲ. 1970ರಲ್ಲಿ ಆ ಪರ್ಯಾಯದ್ವೀಪದ ಹತ್ತಿರ ಹತ್ತಿರ ಅರ್ಧದಷ್ಟು ಕುಟುಂಬ ಬಡತನದಲ್ಲಿದ್ದವು. ಇಪ್ಪತ್ತು ವರ್ಷದಲ್ಲಿ ಅದು ನೂರಕ್ಕೆ 15ರ ಆಸುಪಾಸಿಗೆ ಇಳಿಯಿತು. ಇದನ್ನು ಮರೆತು ಮಾತಾಡಿದರೆ ಮಕ್‌ಚಿಕ್‌ಗೆ ಅನ್ಯಾಯ ಮಾಡಿದ ಹಾಗೆ.

ನಮ್ಮ ಪಕ್ಕದ ಮನೆಯವರು ತಮಿಳರು. ಗೃಹಸ್ಥರು ಲಾರಿ ಡ್ರೈವರ್, ಹುಟ್ಟಿದ್ದು ರಬ್ಬರ್ ತೋಟದಲ್ಲಿ. ತೋಟಗಳು ತಾಳೆ ಎಣ್ಣೆಗೆ ತಿರುಗಿ, ಆಮೇಲೆ ಲೇಔಟ್ ಆಗಿ, ಲೈನು ಮನೆಯವರೆಲ್ಲ ಪೇಟೆಗೆ ಬಂದು ಬಿದ್ದರು. ಜಮೀನು ಅವರದ್ದಲ್ಲವಲ್ಲ. ಅವರ ಮಗಳು 2014ರ ಪರೀಕ್ಷೆಯಲ್ಲಿ ಎಲ್ಲ ವಿಷಯದಲ್ಲೂ ಎ ತೆಗೆದಳು. ನಮ್ಮ ಪಿಯುಸಿಯ ಹಾಗೆ ಅಲ್ಲಿ ಮೆಟ್ರಿಕ್ಯುಲೇಶನ್ ಅಂತ ಒಂದು ವರ್ಷದ ಕೋರ್ಸಿದೆ. ಯೂನಿವರ್ಸಿಟಿಗೆ ಅದು ಹತ್ತಿರದ ದಾರಿ. ಅದರಲ್ಲಿ ಆಗ ನೂರಕ್ಕೆ 90 ಸೀಟು ಬುಮಿಪುತ್ರರಿಗೆ. ಹುಡುಗಿಗೆ ಸಿಗಲಿಲ್ಲ. ಮಕ್‌ಚಿಕ್ ಮಗ ಅವಳಿಗಿಂತ ಕಡಿಮೆ ತೆಗೆದಿದ್ದ, ಅವನಿಗೆ ಸಿಕ್ಕಿತು. ಅವತ್ತು ಸಂಜೆ ಮಕ್‌ಚಿಕ್ ತಟ್ಟೆಯಲ್ಲಿ ತಿಂಡಿ ಹಿಡಿದು ಬಂದವರು ಪಕ್ಕದ ಮನೆಗೆ ಹೋಗಲಾರದೆ ನಮ್ಮ ಮನೆಯಲ್ಲಿ ಕೂತರು. “ಮಗನಿಗೆ ಸಿಕ್ಕಿದ್ದಕ್ಕೆ ಸಂತೋಷಪಡೋಣ ಅಂದರೆ ಆ ಹುಡುಗಿ ಮುಖ ಕಣ್ಣಿಗೆ ಬರುತ್ತೆ” ಅಂದರು.

ಇಲ್ಲಿಗೆ ಬಂದ ಕೂಡಲೇ ಮಾವನ ಎರಡನೇ ಪ್ರಶ್ನೆ ತಯಾರಿರುತ್ತದೆ. “ಇಲ್ಲಿ ರಿಜರ್ವೇಸನ್ನೂ ಅದೇ ಅಲ್ವೇನವ್ವ?”

ಅಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಮೈಸೂರಿನವಳಾಗಿ ಹೇಳಬೇಕು ಕೂಡ. ನಮ್ಮ ಸಂಸ್ಥಾನದಲ್ಲಿ ಮೊದಲು ‘ಮೈಸೂರು ಮೈಸೂರಿನವರಿಗೆ’ ಅನ್ನುವ ಕೂಗಿತ್ತು, ಮದರಾಸಿನಿಂದ ಬಂದ ಅಧಿಕಾರಿಗಳ ವಿರುದ್ಧ. ಆದರೆ ಅದರಿಂದ ಬಂದ ಹುದ್ದೆಗಳು ಬಹುಪಾಲು ಒಂದೇ ಜಾತಿಯ ಮನೆಗಳಿಗೆ ಹೋದವು. 1917ರಲ್ಲಿ ಬ್ರಾಹ್ಮಣೇತರರ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಅವರ ಅಹವಾಲು ಕೇಳಿದ ನಾಲ್ವಡಿಯವರು ಹಿಂದುಳಿದವರಿಗೆ ಹುದ್ದೆಗಳಲ್ಲಿ ಪಾಲು ಹೇಗೆ ಕೊಡುವುದು ಅಂತ ನೋಡಲು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ಮಾಡಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಆ ದಾರಿ ಒಪ್ಪಿಗೆಯಾಗಲಿಲ್ಲ, ಹುದ್ದೆ ಬಿಟ್ಟರು. ಮಂಡ್ಯದ ಮನೆಗಳಲ್ಲಿ ಇಬ್ಬರ ಫೋಟೋ ಒಂದೇ ಗೋಡೆಯಲ್ಲಿರುತ್ತದೆ. ಇಬ್ಬರ ನಡುವೆ ಇದ್ದ ಈ ಭಿನ್ನಾಭಿಪ್ರಾಯದ ನೆನಪು ಎಷ್ಟು ಜನಕ್ಕಿದೆಯೋ. ಮಾವನ ಅಪ್ಪ ಓದಿ ಶಾನುಭೋಗರ ಲೆಕ್ಕ ತಾವೇ ನೋಡುವಂತಾದದ್ದು ಆಮೇಲೆ ತೆರೆದ ಬಾಗಿಲಿನಿಂದ.

ಇಲ್ಲಿ ಮಿಲ್ಲರ್ ಆದಮೇಲೆ ಮತ್ತೆ ಮತ್ತೆ ಎಣಿಸಿದ್ದೇವೆ. ದೇವರಾಜ ಅರಸರು 1972ರಲ್ಲಿ ಹಿಂದುಳಿದ ವರ್ಗಗಳ ಹಾವನೂರ್ ಆಯೋಗ ಮಾಡಿದರು. ಕೋರ್ಟಿಗೆ ಹೋಗಿದ್ದೇವೆ, ಬೀದಿಯಲ್ಲಿ ಜಗಳ ಆಡಿದ್ದೇವೆ. ಯಾರು ಎಷ್ಟು ಹಿಂದೆ ಅಂತ ಯಾರು ಬೇಕಾದರೂ ಕೇಳಬಹುದು. ಮಲೇಷ್ಯಾದಲ್ಲಿ 1971ರಲ್ಲಿ ಆ ಪ್ರಶ್ನೆಗೇ ಬೀಗ ಹಾಕಿದರು. 153ನೇ ವಿಧಿಯನ್ನು ಪ್ರಶ್ನಿಸುವುದು ರಾಜದ್ರೋಹ. ಪಾರ್ಲಿಮೆಂಟಿನ ಒಳಗೆ ಮಾತಾಡಿದ ಸದಸ್ಯರಿಗೂ ವಿನಾಯಿತಿ ಇಲ್ಲ. 1990ಕ್ಕೆ ಮುಗಿಯಬೇಕಿದ್ದ ನೀತಿ ಬೇರೆ ಬೇರೆ ಹೆಸರಲ್ಲಿ ಮುಂದುವರಿಯಿತು. ಗದ್ದೆಯ ಕೆಸರಿನಿಂದ ಮಕ್‌ಚಿಕ್‌ರನ್ನು ಎತ್ತಿದ್ದು ಸರಿ. ಅವರ ಮಗನಿಗೂ ಲಾರಿ ಡ್ರೈವರ್ ಮಗಳಿಗಿಂತ ಮೊದಲೇ ಯಾಕೆ ಅಂತ ಕೇಳಲು ಒಂದು ಜಾಗ ಬೇಕಲ್ಲ?

ಆ ಜಾಗ ಇಲ್ಲದಿರಲು ರಾಜಕೀಯವೇ ಕಾರಣ. ಮಲಯರಿಗೆ ಅಮ್ನೋ, ಚೀನಿಯರಿಗೆ ಎಂಸಿಎ, ಭಾರತೀಯರಿಗೆ ಎಂಐಸಿ, ಹೀಗೆ ಜನಾಂಗಕ್ಕೊಂದು ಪಕ್ಷ. 2018ರವರೆಗೆ ಮೂರೂ ಒಂದೇ ಸರ್ಕಾರದಲ್ಲಿದ್ದವು. ತಮಿಳು ಶಾಲೆಯ ಮಾಡು ಸೋರಿದರೆ ಎಂಐಸಿ ಮುಖಂಡರ ಮನೆಗೆ ಹೋಗಬೇಕಿತ್ತು. ಮಲಯ ರೈತನಿಗೆ ಸಾಲ ಬೇಕಿದ್ದರೆ ಅಮ್ನೋ ಆಫೀಸು. ಇಬ್ಬರು ಬಡವರು ಒಂದೇ ಬಾಗಿಲಲ್ಲಿ ಎದುರಾಗುವ ಸಂದರ್ಭವೇ ಬರುತ್ತಿರಲಿಲ್ಲ. ಎದುರಾದರೆ ತಾನೇ ಇಬ್ಬರ ಕಷ್ಟವೂ ಒಂದೇ ಅಂತ ಗೊತ್ತಾಗುವುದು. ಬೀದಿಯಲ್ಲಿ ಮಾತ್ರ ಎಲ್ಲರೂ ಚೆನ್ನಾಗಿರುತ್ತಾರೆ. ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿನಲ್ಲಿ ಮೂರು ಜನಾಂಗದವರೂ ಅಕ್ಕಪಕ್ಕ ಕೂತು ಪರೋಟದಂಥ ರೋಟಿ ಚನಾಯ್ ತಿನ್ನುತ್ತಾರೆ, ಹಬ್ಬಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗುತ್ತಾರೆ. ಆ ಪ್ರೀತಿ ನಾಟಕವಲ್ಲ, ನಾನು ಅದರಲ್ಲೇ ಬದುಕಿದವಳು. ಆದರೆ ಓಟಿನ ದಿನ ಬಂದರೆ ಒಬ್ಬೊಬ್ಬರಿಗೂ ಅವರವರ ಕೋಣೆ ನೆನಪು ಮಾಡಿಸುತ್ತಾರೆ.

2007ರ ನವೆಂಬರ್ 25ಕ್ಕೆ ಅಲ್ಲಿಯ ಹಿಂದೂಗಳ ಹಕ್ಕಿಗಾಗಿ ಹುಟ್ಟಿದ ಹಿಂದ್ರಾಫ್ ಸಂಘಟನೆ ಕರೆದಿದ್ದ ಮೆರವಣಿಗೆಗೆ ಸಾವಿರಾರು ಭಾರತೀಯರು ಬೀದಿಗಿಳಿದರು. ಅಶ್ರುವಾಯು ಬಿಟ್ಟರು, ನೀರು ಹಾಯಿಸಿದರು. ಪಕ್ಕದ ಮನೆಯವರು ಕಣ್ಣು ಕೆಂಪು ಮಾಡಿಕೊಂಡು ರಾತ್ರಿ ಬಂದರು. ನಾನು ಹೋಗಿರಲಿಲ್ಲ. ವೀಸಾದ ಮೇಲೆ ಇದ್ದವಳು, ಹೆದರಿದೆ. ಮುಂದಿನ ಮಾರ್ಚ್‌ನ ಚುನಾವಣೆಯಲ್ಲಿ ಎಂಐಸಿ ಅಧ್ಯಕ್ಷರೇ ಸೋತರು. 2018ರ ಮೇ 9ಕ್ಕೆ ಸ್ವಾತಂತ್ರ್ಯದಿಂದ ಆಳಿದ ಕೂಟವೇ ಮೊದಲ ಸಲ ಅಧಿಕಾರ ಕಳೆದುಕೊಂಡಿತು. ಹುಡುಗಿಗೆ ಅದು ಮೊದಲ ಓಟು. ಶಾಯಿ ಹಾಕಿದ ಬೆರಳಿನ ಫೋಟೋ ನನಗೆ ಕಳಿಸಿದ್ದಳು. ಅದೇ ನವೆಂಬರ್‌ನಲ್ಲಿ ಹೊಸ ಸರ್ಕಾರ ಜನಾಂಗ ಭೇದದ ವಿರುದ್ಧದ ವಿಶ್ವಸಂಸ್ಥೆ ಒಪ್ಪಂದಕ್ಕೆ ಸಹಿ ಹಾಕುವುದಿಲ್ಲ ಅಂತ ಹಿಂದೆ ಸರಿಯಿತು. ಅವತ್ತು ಅವಳು ಏನೂ ಕಳಿಸಲಿಲ್ಲ.

2019ರ ದಸರಾಗೆ ಅವಳು ಮೈಸೂರಿಗೆ ಬಂದಳು. ಉದ್ದದ, ಕಷ್ಟದ ಇನ್ನೊಂದು ಪರೀಕ್ಷೆ ಬರೆದು ಕೊನೆಗೂ ಯೂನಿವರ್ಸಿಟಿ ಸೇರಿದ್ದಳು. ಜಂಬೂಸವಾರಿ ಆದ ಮರುದಿನ ಮಾವನ ಊರಿಗೆ ಕರೆದುಕೊಂಡು ಹೋದೆ. ಆಲೆಮನೆಯಲ್ಲಿ ಕೂರಿಸಿ ಬಿಸಿ ಬೆಲ್ಲ ಕೊಟ್ಟರು. ಮಾವ ತಡೆಯಲಿಲ್ಲ. “ನೀನೇ ಯೋಳವ್ವ, ಅಲ್ಲಿ ನಮ್ಮೋರ್ನ ಹೆಂಗ್ ನೋಡ್ತಾರೆ?”

ನಾನು ತಮಿಳಿನಲ್ಲಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಬೆಲ್ಲ ಕೈಯಲ್ಲೇ ಹಿಡಿದು ಕೂತಿದ್ದಳು. ಆಮೇಲೆ ಹೇಳಿದಳು: “ಮಾಮಾ, ತಪ್ಪು ತಿಳೀಬೇಡಿ. ನಾನು ನಿಮ್ಮೋಳಲ್ಲ. ನಾನು ಮಲೇಷ್ಯಾದೋಳು. ನಮ್ಮಪ್ಪ ಹುಟ್ಟಿದ್ದು ಅಲ್ಲೇ, ತಾತ ಸತ್ತದ್ದು ಅಲ್ಲೇ. ಬೇರೆಯವರ ಮನೆಯಲ್ಲಿ ತಟ್ಟೆ ಕೊಡದಿದ್ದರೆ ಬೇಜಾರಾಗುತ್ತೆ, ಎದ್ದು ಬರ್ತೀವಿ. ಅದು ನನ್ನ ಮನೆ. ಅದಕ್ಕೇ ಕೋಪ.”

ಕನ್ನಡದಲ್ಲಿ ಹೇಳುವಾಗ ನನ್ನ ಗಂಟಲು ಕಟ್ಟಿತು. ಮಾವ ತಲೆಯಾಡಿಸಿದರು. ಒಲೆಗೆ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದವನ ಕಡೆ ಸುಮ್ನೆ ನೋಡುತ್ತಾ ಕೂತರು. ಅವನು ನಾಲೆ ಆಚೆ ಕೇರಿಯವನು. ಎಷ್ಟೋ ಹೊತ್ತಿನ ಮೇಲೆ ಕೇಳಿದರು, “ನಿಮ್ ಮುತ್ತಾತ ಇಲ್ಲಿಂದ ಓಗಿದ್ದು ಯಾವ ಊರಿಂದ?”

“ಸೇಲಂ ಕಡೆ. ಮೆಟ್ಟೂರು ಹತ್ರ ಅಂತಾರೆ. ನಾನು ನೋಡಿಲ್ಲ.”

“ಮೆಟ್ಟೂರಾ” ಅಂದರು ಮಾವ. “ನಮ್ ಕಟ್ಟೆ ನೀರು ಓಗಿ ನಿಲ್ಲೋದೇ ಅಲ್ಲಿ.” ಇನ್ನೊಂದು ತುಂಡು ಬೆಲ್ಲ ತಗೊಂಡು ಅವಳ ಕೈಗಿಟ್ಟರು.