ಶೆಟ್ಟಿಹಳ್ಳಿ ಚರ್ಚ್: ನೀರು ಇಳಿದ ಮೇಲೆ ಹೋಗಿ ನೋಡಿ

ಹಾಸನದಿಂದ ಸುಮಾರು 20 ಕಿ.ಮೀ. ದೂರದಲ್ಲಿ, ಹೇಮಾವತಿಯ ಹಿನ್ನೀರಿನ ಅಂಚಿನಲ್ಲಿರುವ ಶೆಟ್ಟಿಹಳ್ಳಿಯ ರೋಸರಿ ಚರ್ಚನ್ನು ಹೆಚ್ಚಿನವರು ಮಳೆಗಾಲದಲ್ಲಿ, ಅದು ಅರ್ಧ ಮುಳುಗಿರುವಾಗ ನೋಡಲು ಬಯಸುತ್ತಾರೆ. ಆ ನೋಟ ಮನಮೋಹಕವೇ ಸರಿ. ಆದರೆ ಕಟ್ಟಡವನ್ನು ಅರಿಯಬೇಕೆನ್ನುವವರು ಜನವರಿಯಿಂದ ಮೇ ತಿಂಗಳ ನಡುವೆ, ನೀರು ಇಳಿದು ಬುಡದವರೆಗೆ ನಡೆದುಹೋಗಲು ಸಾಧ್ಯವಾಗುವಾಗ ಹೋಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಗೋಥಿಕ್ ಶೈಲಿಯಲ್ಲಿ ಕಟ್ಟಿಸಿದ ಈ ಚರ್ಚಿಗೆ ಇಂದು ಚಾವಣಿಯಿಲ್ಲ. ಆದರೂ ಚೂಪಾದ ಕಮಾನುಗಳು, ಸಾಲುಗಂಬಗಳು ಮತ್ತು ಎತ್ತರದ ಕಿಟಕಿಗಳ ಖಾಲಿ ಚೌಕಟ್ಟುಗಳು, ಬಾಗಿಲಿನಿಂದ ಬಲಿಪೀಠದ (ಪಾದ್ರಿ ಪೂಜೆ ನಡೆಸುವ ಮೇಜಿನಂಥ ವೇದಿಕೆಯ) ಕಡೆಗೆ ಕಣ್ಣು ಸಾಗುವ ಹಾದಿಯನ್ನು ಈಗಲೂ ಸ್ಪಷ್ಟವಾಗಿ ತೋರಿಸುತ್ತವೆ. ಗಾರೆ ಉದುರಿದ ಕಡೆ ಇಟ್ಟಿಗೆಯ ಕೆಲಸ ಕಾಣುತ್ತದೆ. ಗಾರೆಗೆ ಬೆಲ್ಲ ಮತ್ತು ಮೊಟ್ಟೆ ಬೆರೆಸಿದ್ದರೆಂದು ಸ್ಥಳೀಯರು ಹೇಳುತ್ತಾರೆ. ವರ್ಷವರ್ಷವೂ ನೆನೆದು ಒಣಗುವ ಗೋಡೆಗಳು ಇಷ್ಟು ಕಾಲ ನಿಂತಿರುವುದೇ ಕಟ್ಟಿದವರ ಕೈಗೆ ಸಲ್ಲುವ ಗೌರವ.

ಇದು ಮೊದಲಿಗೆ ಒಂದು ಊರಿನ ಧರ್ಮಕೇಂದ್ರವಾಗಿತ್ತು ಎಂಬುದನ್ನು ಮರೆಯಬಾರದು. ಬಲಿಪೂಜೆ (ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಸಾಮೂಹಿಕ ಪೂಜೆ, ಅಂದರೆ ಮಾಸ್), ದೀಕ್ಷಾಸ್ನಾನ (ಬ್ಯಾಪ್ಟಿಸಮ್), ಮದುವೆ, ಅಂತ್ಯಸಂಸ್ಕಾರದ ಪ್ರಾರ್ಥನೆ, ಹೀಗೆ ಸುತ್ತಲಿನ ಕ್ರೈಸ್ತ ರೈತಕುಟುಂಬಗಳ ಬದುಕಿನ ಘಟ್ಟಗಳೆಲ್ಲ ನೆರವೇರುವ ಜಾಗ ಧರ್ಮಕೇಂದ್ರವೇ ಆಗಿರುತ್ತದೆ. ಗೊರೂರಿನಲ್ಲಿ ಕಟ್ಟಿದ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡು ಹಿನ್ನೀರು ಹರಡಿದಾಗ ಜನ ಬೇರೆಡೆಗೆ ಹೋಗಬೇಕಾಯಿತು, ಚರ್ಚ್ ಒಂಟಿಯಾಗಿ ಉಳಿಯಿತು. ಹಾಗಾಗಿ ಗೋಡೆಗಳ ಮೇಲೆ ಹೆಸರು ಕೆತ್ತುವುದು, ಒಳಗೆ ಕುಡಿದು ಬಾಟಲಿ ಎಸೆಯುವುದು ಆ ಕುಟುಂಬಗಳ ನೆನಪಿಗೆ ಮಾಡುವ ಅವಮಾನವೆಂದೇ ನಾನು ಭಾವಿಸುತ್ತೇನೆ.

ಇತ್ತೀಚಿನ ವರ್ಷಗಳಲ್ಲಿ ಕಟ್ಟಡದ ಕೆಲವು ಭಾಗಗಳು ಕುಸಿದಿರುವುದರಿಂದ ಕಮಾನುಗಳ ಕೆಳಗೆ ನಿಲ್ಲಬೇಡಿ, ಗೋಡೆ ಹತ್ತಲೇಬೇಡಿ. ಸ್ವಂತ ವಾಹನ ಅಥವಾ ಹಾಸನದಿಂದ ಬಾಡಿಗೆ ಕಾರು ಅನುಕೂಲ. ಕುಡಿಯುವ ನೀರು, ತಿಂಡಿ ಕೈಯಲ್ಲೇ ಇರಲಿ. ನೆರಳು ಕಡಿಮೆಯಾದ್ದರಿಂದ ಬೆಳಗಿನ ಹೊತ್ತು ಲೇಸು. ಮೇಲೆ ಒಣಗಿದಂತೆ ಕಾಣುವ ಕೆರೆಯಂಗಳದಂಥ ಮಣ್ಣಿನಲ್ಲಿ ಕಾಲು ಹೂತುಹೋಗಬಹುದು, ಆದ್ದರಿಂದ ವಾಹನವನ್ನು ಗಟ್ಟಿ ನೆಲದಲ್ಲೇ ನಿಲ್ಲಿಸಿ. ಮಳೆಗಾಲದಲ್ಲಿ ಹೋಗುವುದಾದರೆ ದಡದಿಂದಲೇ ನೋಡಿ. ಲೈಫ್ ಜಾಕೆಟ್ ಇಲ್ಲದೆ ತೆಪ್ಪ ಹತ್ತಬೇಡಿ.

ಸಮಯವಿದ್ದರೆ ಅಲ್ಲಿಂದ ಚಿಕ್ಕಮಗಳೂರಿಗೆ ಹೋಗಿ ಸಂತ ಜೋಸೆಫರ ಪ್ರಧಾನಾಲಯವನ್ನೂ (ಬಿಷಪರ ಮುಖ್ಯ ಚರ್ಚ್, ಕ್ಯಾಥೆಡ್ರಲ್) ನೋಡಬಹುದು. 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ (ಒಬ್ಬ ಬಿಷಪರ ಆಡಳಿತಕ್ಕೆ ಒಳಪಟ್ಟ ಪ್ರದೇಶಕ್ಕೆ) ಹಾಸನ ಜಿಲ್ಲೆಯೂ ಸೇರಿದೆ. ಭಾನುವಾರ ಬೆಳಿಗ್ಗೆ ಆ ಪ್ರಧಾನಾಲಯಕ್ಕೆ ಹೋದರೆ, ಶೆಟ್ಟಿಹಳ್ಳಿಯಲ್ಲಿ ಖಾಲಿಯಾಗಿ ಕಾಣುವ ಆ ಉದ್ದನೆಯ ನಡುಸಾಲು ಜನ ತುಂಬಿದಾಗ ಯಾವ ಕೆಲಸಕ್ಕೆ ಒದಗುತ್ತಿತ್ತೆಂಬುದು ತಾನಾಗಿ ತಿಳಿಯುತ್ತದೆ. ಬಲಿಪೂಜೆ ನಡೆಯುವಾಗ ಮಾತ್ರ ಕ್ಯಾಮೆರಾ ಚೀಲದೊಳಗೇ ಇರಲಿ.